ಹಮಾಲನಿಗೆ ನರ್ಸಿಂಗ್ ಪಾಠ

ಸೋಮವಾರ, 27 ಅಕ್ಟೋಬರ್ 2025. ಬೆಳಿಗ್ಗೆ 7.10

ಆರಕ್ಕೆ ಮಾತ್ರೆ. ಆರೂವರೆಗೆ ಬಲಗೈ ಸ್ವಲ್ಪ ಮಾತು ಕೇಳಿತು. ಪೇಪರ್ ಬಂತು. ಮೊದಲ ಪುಟ ಮುಗಿಯುವಷ್ಟರಲ್ಲಿ ನಮ್ಮ ಯಜಮಾನರು ಕೈ ತೊಳೆದುಕೊಂಡು ಪಾಠಕ್ಕೆ ಹಾಜರು. ಐದನೇ ದಿನ. ಇವತ್ತಿನದು — ರೋಗಿಯನ್ನು ಮಂಚದಿಂದ ಕುರ್ಚಿಗೆ ದಾಟಿಸುವುದು. ರೋಗಿ ನಾನು.

ಇವರು ನಿಂತ ರೀತಿ ನೋಡಿ ತಡೆದೆ. ಬೆನ್ನು ಕೊಟ್ಟು ಬಗ್ಗಿದ್ದರು, ಗಾಂಧಿ ಗಂಜ್ ಮಾರುಕಟ್ಟೆಯಲ್ಲಿ ತೊಗರಿ ಚೀಲಕ್ಕೆ ಬಗ್ಗುವ ಹಾಗೆ. ನಲವತ್ತು ವರ್ಷದ ಹಮಾಲಿ ಐದು ದಿನಕ್ಕೆ ಮರೆಯುವುದಿಲ್ಲ.

"ಕ್ವಿಂಟಲ್ ಚೀಲ ಹೊತ್ತಾಂವ ನಾ. ನೀ ಎಷ್ಟ್ ಅದಿ?"

"ಐವತ್ತೆಂಟು ಕಿಲೋ."

"ಹಾಂಗಂದ್ರ ಅರ್ಧ ಚೀಲ."

"ಚೀಲ ಹರಿದ್ರ ದಬ್ಬಣ ತಗೊಂಡು ಹೊಲೀತೀರಿ. ನನ್ನ ಸೊಂಟ ಮುರಿದ್ರ ಏನ್ ಮಾಡ್ತೀರಿ?"

ನಕ್ಕರು. ಆಮೇಲೆ ಹೇಳಿದ ಹಾಗೆ ಎದುರಿಗೆ ಬಂದರು. ಮೊಣಕಾಲು ಮಡಚಿ, ನನ್ನ ಎರಡು ಪಾದಗಳ ನಡುವೆ ಒಂದು ಕಾಲಿಟ್ಟು. ಮೂರನೇ ಸಲಕ್ಕೆ ಕುರ್ಚಿಯಲ್ಲಿದ್ದೆ. ಹತ್ತಕ್ಕೆ ಆರು ಅಂಕ.

ಅದೇ ದಿನ, ಮಧ್ಯಾಹ್ನ

ಯಾಕೆ ಈ ಪಾಠ ಎಂಬುದನ್ನು ಒಮ್ಮೆ ಬರೆದಿಡಬೇಕು. ಪಾರ್ಕಿನ್ಸನ್ ಎಂದು ತಿಳಿದು ಎರಡು ವರ್ಷ. ಈಗ ನನ್ನ ಕೆಲಸ ನಾನೇ ಮಾಡಿಕೊಳ್ಳುತ್ತೇನೆ. ನಾಲ್ಕೈದು ವರ್ಷದ ನಂತರ ಆಗಲಿಕ್ಕಿಲ್ಲ. ಸರ್ಕಾರಿ ದವಾಖಾನೆಯಲ್ಲಿ ಮೂವತ್ತನಾಲ್ಕು ವರ್ಷ ಸಿಸ್ಟರ್ ಆಗಿದ್ದವಳು. ಈ ಕಾಯಿಲೆಯ ದಾರಿ ಗೊತ್ತು.

ದೀಪಾವಳಿಗೆ ಮಕ್ಕಳು ಬಂದಾಗ ಇಬ್ಬರೂ ಸೇರಿ ಒಂದು ತೀರ್ಮಾನ ಮಾಡಿಕೊಂಡು ಬಂದಿದ್ದರು. ನಾನು ಭಾಲ್ಕಿಗೆ, ಮಗಳು ಕಾಜಲಳ ಮನೆಗೆ. ಇವರು ಔರಾದಕ್ಕೆ, ಮಗ ಸುಮಿತನ ಮನೆಗೆ. ಇಬ್ಬರ ಮನೆಯಲ್ಲೂ ಒಂದೊಂದೇ ಕೋಣೆ ಖಾಲಿ. ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ಆದರೆ ಮೂವತ್ತೇಳು ವರ್ಷದ ಸಂಸಾರದ ನಂತರ ಒಬ್ಬರು ಅಲ್ಲಿ, ಒಬ್ಬರು ಇಲ್ಲಿ...

ಡಿಸೆಂಬರ್ 7ರವರೆಗೆ ಸಮಯ ಕೇಳಿದ್ದೇನೆ. ಅಷ್ಟರೊಳಗೆ ನನ್ನನ್ನು ಎತ್ತುವುದು, ಹೊರಳಿಸುವುದು, ಸ್ನಾನ ಮಾಡಿಸುವುದು ಎಲ್ಲ ಇವರು ಕಲಿತು ತೋರಿಸಿದರೆ ಬೀದರ ಬಿಡುವುದಿಲ್ಲ. ಕಲಿಸಬಲ್ಲೆ. ಇವರಿಗಿಂತ ದಡ್ಡರಿಗೆ ಕಲಿಸಿದ್ದೇನೆ.

ಸೋಮವಾರ, 3 ನವೆಂಬರ್

ತಲೆ ತೊಳೆಯುವ ಪಾಠ. ಹಿತ್ತಲಿನಲ್ಲಿ. ಕಿವಿಗೆ ನೀರು ಹೋಯಿತು, ಕಣ್ಣಿಗೆ ಸೀಗೆಪುಡಿ. ಉಳಿದದ್ದು ಚೆನ್ನಾಗಿತ್ತು.

ಗೋಡೆಯಾಚೆಯಿಂದ ಚಾಂದ ಪಾಶಾ ಇಣುಕಿದರು. ಗಂಜಿನಲ್ಲಿ ಇವರ ಜೋಡಿ ಹಮಾಲ.

"ಹಣಮಂತಣ್ಣಾ, ಹೊಸಾ ನೌಕ್ರಿ ಸಿಕ್ತಂತ? ಪರ್ಮನೆಂಟ್ ಏನು?"

"ಸಾಹೇಬ್ರು ಕಡಕ್ ಅದಾರಪಾ. ದಿನಾ ಪರೀಕ್ಷಾ."

ಚಾಂದ ಪಾಶಾರ ಹೆಂಡತಿ ಮುಸರ್ರತ ಒಳಗಿನಿಂದಲೇ ಕೂಗಿದಳು: "ನಮ್ಮೋರಿಗೂ ಸೇರಿಸ್ಕೊಳ್ರಿ ಅಕ್ಕಾ. ಚಹಾ ಕುಡಿದ ಕಪ್ಪು ಎತ್ತಲಾಕ ಬರಲ್ಲ ಅವರಿಗಿ."

ಈಗ ಇವರು ತಮ್ಮ ಬಟ್ಟೆ ತಾವೇ ಒಗೆದುಕೊಳ್ಳುತ್ತಾರೆ. ನಾನು ಹೇಳಿರಲಿಲ್ಲ. ಪಾಠದ ಫಲ.

ಶನಿವಾರ, 8 ನವೆಂಬರ್

ಹಾಸಿಗೆಯಲ್ಲಿ ಹೊರಳಿಸುವುದು — ಒಂಬತ್ತು. ಸ್ಪಂಜ್ ಬಾತ್ — ಎಂಟು. ಎತ್ತುವುದು — ಎಂಟು. ಇನ್ನೊಂದು ತಿಂಗಳು ಬೇಕಾಗಿಯೇ ಇಲ್ಲ. ಯೋಜನೆಯ ಹಾಳೆ ಬರೆದೆ. ಏನು ಕೆಲಸ, ಯಾವ ಹೊತ್ತಿಗೆ, ಯಾರು. 'ಯಾರು' ಎಂಬ ಕಡೆಗೆಲ್ಲ ಒಂದೇ ಹೆಸರು. ಇವರದು. ಅಕ್ಷರ ಸಣ್ಣದಾಗುತ್ತಿದೆ, ಆದರೆ ಓದಲು ಬರುತ್ತದೆ.

ಬುಧವಾರ, 19 ನವೆಂಬರ್

ಹನ್ನೊಂದು ದಿನ ಬರೆಯಲಿಲ್ಲ. ಬರೆಯಲು ನಾಚಿಕೆ.

ಹತ್ತನೇ ತಾರೀಖು ನನ್ನನ್ನು ಎತ್ತಿ ಅರ್ಧಕ್ಕೆ ನಿಂತರು. ನಿಧಾನ ಇಳಿಸಿ ಮಂಚದ ಮೇಲೆ ಕೂತರು. ಹಣೆ ತುಂಬ ಬೆವರು. ಗ್ಯಾಸ್ ಅಂದರು. ನಂಬಿದೆ. ಮರುದಿನ ಚಾಂದ ಪಾಶಾ ಗೋಡೆಯ ಹತ್ತಿರ ಬಂದು ದನಿ ತಗ್ಗಿಸಿ ಕೇಳಿದರು: "ಅಣ್ಣಾ ನಿಮಗ ಹೇಳಿಲ್ಲೇನ್ರಿ? ಎರಡು ವರ್ಷ ಆಯ್ತು. ಬೆಲ್ಟ್ ಕಟ್ಕೊಂಡೇ ಗಂಜಿಗಿ ಬರ್ತಿದ್ರು."

ಹರ್ನಿಯಾ. ತೊಡೆಸಂದಿನಲ್ಲಿ, ನಿಂಬೆಹಣ್ಣಿನಷ್ಟು. ಗಂಜಿನಲ್ಲಷ್ಟೇ ಕಟ್ಟುತ್ತಿದ್ದ ಬೆಲ್ಟ್ ಪಾಠ ಶುರುವಾದ ಮೇಲೆ ಮನೆಯಲ್ಲೂ; ಅದು ನನ್ನ ಕಣ್ಣಿಗೆ ಬೀಳಬಾರದೆಂದೇ ಬಟ್ಟೆ ತಾವೇ ಒಗೆಯುತ್ತಿದ್ದರು. ಅದಕ್ಕೆ ನಾನು ಹೆಮ್ಮೆಪಟ್ಟೆ. ಸಾವಿರಾರು ರೋಗಿಗಳನ್ನು ನೋಡಿದ ಸಿಸ್ಟರ್, ಮನೆಯಲ್ಲಿದ್ದ ರೋಗಿಯನ್ನು ನೋಡಲಿಲ್ಲ.

ಎಂಟು ದಿನ ಸಿಟ್ಟು. ಇವತ್ತು ಕೇಳಿದೆ.

"ಯಾಕ ಹೇಳ್ಲಿಲ್ರಿ?"

"ಹೇಳಿದ್ರ ನೀ ಭಾಲ್ಕಿ, ನಾ ಔರಾದ."

ಆಮೇಲೆ ತಾವೇ ಅಂದರು: "ಗಂಜಿನಾಗ ಯಾರೂ ಒಬ್ಬರೇ ಚೀಲ ಎತ್ತೂದಿಲ್ಲ. ಇಬ್ಬರು ಎತ್ತಿ ಮೂರನೆಯವನ ಬೆನ್ನಿಗಿ ಕೊಡ್ತಾರ. ಕ್ವಿಂಟಲ್ ಹೊತ್ತಾನ ಅಂತಾರ, ಕೊಟ್ಟವರ ಲೆಕ್ಕ ಯಾರೂ ಹಿಡಿಯೂದಿಲ್ಲ."

"ಹಾಂಗಿದ್ರ ನನ್ನ ಯಾಕ ಒಬ್ಬರೇ ಎತ್ತಿದ್ರಿ?"

"ನೀ ಹಾಳಿಮ್ಯಾಲ ಹಾಂಗೇ ಬರದಿದ್ದಿ."

ಹೌದು. ಬರೆದವಳು ನಾನೇ. ಹಾಳೆ ಹರಿದೆ. ಹೊಸದು ಬರೆಯಬೇಕು. ಅದರಲ್ಲಿ ರೋಗಿಗಳು ಇಬ್ಬರು.

ಸೋಮವಾರ, 24 ನವೆಂಬರ್

ಮುಸರ್ರತಳ ಮನೆಗೆ ಹೋದೆ. ಹೊಲಿಗೆ ಮಷೀನಿನ ಮುಂದೆ ಕೂತಿದ್ದಳು. ನೂರಾರು ಜನರನ್ನು ಎತ್ತಿದವಳಿಗೆ ನನ್ನನ್ನು ಎತ್ತಲು ಬಾ ಎನ್ನುವ ಮಾತು ಬರಲಿಲ್ಲ. ಕಾಲು ಗಂಟೆ ಬೇರೇನೋ ಮಾತಾಡಿದೆ.

"ಅಕ್ಕಾ, ಅವಾಗಿಂದ ತೋಳಿನ ಅಳತಿ ಹೇಳ್ಲಾಕತ್ತೀರಿ. ನೀವು ಬ್ಲೌಸಿಗಿ ಬಂದಿಲ್ಲ."

ಹೇಳಿದೆ. ದಾರ ಕಡಿದಳು.

"ನಮ್ಮ ಅತ್ತಿ ಮೂರು ವರ್ಷ ಮಲಗಿದ್ರು. ಒಬ್ಬಾಕೀನೇ ಹೊರಳಸ್ತಿದ್ದೆ. ನೀವು ಪಕ್ಕದಾಗೇ ಇದ್ರಿ. ಕೇಳಲಾಕ ನನಗೂ ಬಾಯಿ ಬರ್ಲಿಲ್ಲ."

ಅವಳ ಅತ್ತೆ ಅಜೀಜಾ ಬೇಗಂ. ಆಗ ನಾನು ದಿನಾ ಡ್ಯೂಟಿಗೆ ಅವರ ಬಾಗಿಲ ಮುಂದಿನಿಂದಲೇ ಹೋಗುತ್ತಿದ್ದೆ. ಅವಳು ಕೇಳಲಿಲ್ಲ, ನಾನು ಒಳಗೆ ಹೋಗಲಿಲ್ಲ. ಇದೂ ದಾಖಲಾಗಲಿ.

"ಬರ್ತೇನಿ ಅಕ್ಕಾ. ಆದ್ರ ಒಂದು ಶರ್ತ್ ಅದ. ನಮ್ಮೋರೂ ಕ್ಲಾಸಿಗಿ ಬರಬೇಕು. ನಾಳಿ ನಂಗೂ ಯಾರರ ಎತ್ತಬೇಕಲ್ರಿ."

ಒಪ್ಪಿದೆ. ಈಗ ವಿದ್ಯಾರ್ಥಿಗಳು ಮೂವರು.

ಭಾನುವಾರ, 7 ಡಿಸೆಂಬರ್. ಸಂಜೆ

ಮಕ್ಕಳು ಹತ್ತಕ್ಕೆ ಬಂದರು. ಹೊದಿಕೆಯನ್ನು ನನ್ನ ಕೆಳಗೆ ಹಾಸಿ ಮುಸರ್ರತ ಒಂದು ಬದಿ, ಚಾಂದ ಪಾಶಾ ಒಂದು ಬದಿ. ಪರಗಂಡಸು ಎತ್ತುವುದೆಂದರೆ ಮೈ ಬಿಗಿಯಿತು. ಎಷ್ಟು ಗಂಡಸರನ್ನು ಎತ್ತಿದ್ದೇನೆ, ಅವರ ಮೈಯೂ ಹೀಗೇ ಬಿಗಿದಿರಬೇಕು. ಇವರು ತಲೆಯ ಹತ್ತಿರ ನಿಂತು ಹೇಳಿಕೊಟ್ಟರು — ಈಗ ಕಾಲು, ಈಗ ಸೊಂಟ. ತಪ್ಪಿಲ್ಲದೆ ಕುರ್ಚಿಗೆ ಬಂದೆ. ಸ್ನಾನ ಇವರದೇ ಕೆಲಸ, ಎತ್ತುವುದು ಮಾತ್ರ ಇಲ್ಲ ಎಂದು ಹೇಳಿದೆ. ಹರ್ನಿಯಾದ ಸಂಗತಿಯನ್ನೂ ಹೇಳಿದೆ. 18ಕ್ಕೆ ಆಪರೇಷನ್.

ಸುಮಿತ ಅಪ್ಪನ ಮುಖ ನೋಡಿದ. "ಇದಕ್ಕೇ ಅವ್ವಾ ನಾವು ಹೇಳಿದ್ದು. ಒಬ್ಬೊಬ್ಬರ್ನ ನೋಡ್ಕೊಳ್ಳೂದು ಸುಲಭ ಆಗ್ತದ."

"ನಿಮಗ ಸುಲಭ. ನಮ್ಮನ್ನ ಹಂಚಬ್ಯಾಡ್ರಿ. ದಿನಗಳ್ನ ಹಂಚ್ಕೊಳ್ರಿ. ನಿನಗ ಒಂದು ಐತವಾರ, ಆಕಿಗೊಂದು ಐತವಾರ. ಇಲ್ಲೇ ಬಂದು."

ಕಾಜಲ ಎದ್ದು ಹೊದಿಕೆಯ ಒಂದು ತುದಿ ಹಿಡಿದಳು. "ತೋರಸ್ರಿ ಮುಸರ್ರತ ಆಂಟಿ." ಭಾನುವಾರದ ಹಂಚಿಕೆಗೆ ಸುಮಿತ ಒಪ್ಪಲಿಲ್ಲ. ಅವನ ಮಾತು: ಆಪರೇಷನ್ ಆದ ಮೇಲೆ ಅಪ್ಪನನ್ನು ನೀನು ನೋಡಿಕೊಳ್ಳುವುದು ನೋಡೋಣ. ಆಗದಿದ್ದರೆ ಔರಾದ.

ಸರಿ. ಈಗ ಪರೀಕ್ಷೆ ನನ್ನದು.

ಗುರುವಾರ, 18 ಡಿಸೆಂಬರ್. ಬೆಳಿಗ್ಗೆ 10.20. ಆಸ್ಪತ್ರೆ

ಒಂಬತ್ತೂವರೆಗೆ ಒಳಗೆ ಕರೆದೊಯ್ದರು. ಹೋಗುವಾಗ ಇವರು ಕೇಳಿದರು: "ಅಂಕಾ ಎಷ್ಟ್ ಕೊಡ್ತಿ?" ನಾನಂದೆ: "ಹೊರಗ ಬಂದಮ್ಯಾಲ."

ಅದಕ್ಕೂ ಮೊದಲು ಒಂದು ಫಾರಂ. ನೋಡಿಕೊಳ್ಳುವವರ ಹೆಸರು, ಸಹಿ. ಸುಮಿತ ಪೆನ್ನು ತೆಗೆದ. ನಾನು ಕೈ ಚಾಚಿದೆ. ಕೌಂಟರಿನ ಹುಡುಗಿ ನನ್ನ ಕೈ ನೋಡಿದಳು.

"ಅಮ್ಮಾ, ನಿಮ್ಮ ಕೈಯೇ ನಡುಗ್ಲಾಕತ್ತದಲ್ರಿ."

"ನಡುಗ್ತದವಾ. ಮಾತ್ರಿ ಕೊಡಲಾಕ, ಗಾಯ ನೋಡಲಾಕ ಸಾಕಾಗ್ತದ. ಎತ್ತಲಾಕ ಬ್ಯಾರೆ ಜನ ಅದಾರ."

ಸುಮಿತ ಪೆನ್ನು ಕೊಟ್ಟ. ಫಾರಂ ಜರುಗದಂತೆ ಎರಡೂ ಕೈಯಿಂದ ಒತ್ತಿ ಹಿಡಿದ. ನಾನು ಪೂರ್ತಿ ಬರೆಯುವವರೆಗೂ ಬಿಡಲಿಲ್ಲ. ಸಮಯ ಹಿಡಿಯಿತು. ಹಿಂದಿನ ಸಾಲು ಕಾಯಿತು.

ಈಗ ಬೆಂಚಿನಲ್ಲಿ ಪಕ್ಕಕ್ಕೇ ಕೂತಿದ್ದಾನೆ. ಮೊಬೈಲಿನಲ್ಲಿ ಕ್ಯಾಲೆಂಡರ್ ತೆಗೆದು ನೋಡುತ್ತಿದ್ದವನು ಕೇಳಿದ: "ಅವ್ವಾ, ಮೊದಲನೇ ಐತವಾರ ನಂದಾ, ಕಾಜಲಂದಾ?"

"ನಿಂದು."

10.50

ಬಾಗಿಲು ತೆರೆಯಿತು. ಹಸಿರು ಬಟ್ಟೆಯ ಸಿಸ್ಟರ್ ಕೇಳುತ್ತಿದ್ದಾಳೆ — ಹಣಮಂತಪ್ಪ ಅವರ ಕಡೆಯವರು ಯಾರ್ರಿ? ಸುಮಿತ ನನ್ನ ಕಡೆ ತೋರಿಸಿದ. ನಾನೇ ಅಂದೆ. ಏಳಬೇಕು, ಉಳಿದದ್ದು ಆಮೇಲೆ.