ದೇವನೂರಿನ ಗುರುವಾರ

ನನ್ನ ಬಳೆಗಾರ್ತಿ ಅತ್ತೆಮ್ಮನಿಗೆ,

ಬೆಳಗಿನ ಬಸ್ಸು ನಂಜನಗೂಡು ದಾಟಿ ದೇವನೂರಿನ ದಾರಿ ಹಿಡಿದಾಗ ಈಗಲೂ ಕಣ್ಣಿಗೆ ಮಂಪರು ಹತ್ತುತ್ತದೆ. ತೊಡೆಯ ಮೇಲೆ ಬಳೆ ಬುಟ್ಟಿ, ಕಿಟಕಿಯಾಚೆ ಮಂಜು, ಪಕ್ಕದಲ್ಲಿ ನೀವು. ನಿಮಗೆ ಜಾಗ ಸಾಲದೇನೋ ಎಂದು ಸರಿದು ಕೂರುತ್ತೇನೆ. ಹುಚ್ಚು ಅಲ್ಲವಾ?

ನೀವು ತೀರಿಹೋದ ಹೊಸತರಲ್ಲಿ ನಿಮ್ಮ ಮಗ, ಒಬ್ಬಳೇ ಎಷ್ಟು ಅಂತ ತಿರುಗುತ್ತೀಯ ಎಂದು ಫ್ಯಾಕ್ಟರಿಯಲ್ಲಿ ನನಗೊಂದು ಕೆಲಸ ಗೊತ್ತುಮಾಡಿಕೊಂಡು ಬಂದರು. ನನಗೋ ಹಟ. ವ್ಯಾಪಾರ ಬೆಳೆಸಿ ತೋರಿಸುತ್ತೇನೆ ಅಂತ ಒಂದು ವಾರ ತಿ. ನರಸೀಪುರ, ಇನ್ನೊಂದು ವಾರ ಮುಡುಕುತೊರೆ ಅಂತ ಅಲೆದೆ. ಯಾವ ಊರಲ್ಲೂ ಯಾರೂ ನನಗಾಗಿ ಕಾದಿರಲಿಲ್ಲ. ಆಗ ನಿಮ್ಮ ಮಾತು ನೆನಪಾಯಿತು: "ಒಂದೂರ್ಗೆ ಒಂದೇ ದಿನ ಇಟ್ಕೊ ಕಣಮ್ಮಿ. ಯಾಪಾರ ಆಗ್ಲಿ ಬುಡ್ಲಿ, ಮಕ ತೋರುಸ್ಬುಟ್ಟು ಬಾ." ಗುರುವಾರ ಅಂದರೆ ದೇವನೂರು ಎಂದು ಕಟ್ಟುಬಿದ್ದೆ. ಅದು ಗಟ್ಟಿಯಾದ ಮೇಲೆ ಪಕ್ಕದೂರು, ಆಮೇಲೆ ನರಸೀಪುರದ ಒಂದು ಬೀದಿ... ನಿಧಾನಕ್ಕೆ, ಸಣ್ಣ ಉರಿಯಲ್ಲಿ ಅನ್ನ ಬೇಯುವ ಹಾಗೆ.

ಅಷ್ಟರಲ್ಲಿ ನನ್ನ ನಾಲಿಗೆ ಜಾರಿತು. ದೇವನೂರಿನ ಬಸುರಿ ಹುಡುಗಿಯೊಬ್ಬಳು ತವರಿಗೆ ಬಂದಿದ್ದಳು, ಬಳೆ ತೊಡಿಸುವ ಶಾಸ್ತ್ರಕ್ಕೆ ಕರೆದಿದ್ದರು. ಹಸಿರು ಬಳೆ ಏರಿಸುವಾಗ ಒಂದು ಚಟ್ಟೆಂದಿತು. ಅಯ್ಯೋ ಒಡೆದುಹೋಯಿತು ಅಂದುಬಿಟ್ಟೆ! ಹುಡುಗಿಯ ತಾಯಿ ನನ್ನ ಮುಖ ನೋಡದೆ ಹೇಳಿದರು: "ನಿಮ್ಮತ್ತೆ ಅಷ್ಟೂ ಕಲಿಸ್ನಿಲ್ವಾ?" ಕಲಿಸಿದ್ದಿರಿ. ಬಳೆ ಒಡೆಯಿತು ಅನ್ನಬಾರದು, ಹೆಚ್ಚಿತು ಅನ್ನಬೇಕು ಅಂತ ಎಷ್ಟು ಸಲ...

ಮುಂದಿನ ಗುರುವಾರ ಆ ಬೀದಿಯ ಒಂದು ಕೈಯೂ ಮುಂದೆ ಬರಲಿಲ್ಲ. ಅದರ ಮುಂದಿನ ವಾರವೂ ಅಷ್ಟೇ. ನಿಮ್ಮ ಮಗ ಮತ್ತೆ ಫ್ಯಾಕ್ಟರಿ ಮಾತೆತ್ತಿದರು. ಆದರೂ ಹೋದೆ, ವಾರ ತಪ್ಪಿಸಲಿಲ್ಲ. ಅರಳಿಕಟ್ಟೆಯಲ್ಲಿ ಬುಟ್ಟಿ ಇಳಿಸಿ, ಬಿಸಿಲು ಬಳೆಗಳೊಳಗೆ ಇಳಿಯುವುದನ್ನು ನೋಡುತ್ತಾ ಕೂತು ಎದ್ದುಬರುತ್ತಿದ್ದೆ. ವ್ಯಾಪಾರಕ್ಕಿಂತ ಆ ಬಸುರಿ ಹುಡುಗಿಯದೇ ಭಯ ಅತ್ತೆಮ್ಮ. ಅವಳಿಗೇನಾದರೂ ಆದರೆ ನಾನು ಯಾವ ಮುಖ ಹೊತ್ತು ಊರು ತಿರುಗಲಿ?

ನಿನ್ನೆ ಆ ತಾಯಿಯೇ ಫೋನ್ ಮಾಡಿದರು. ಹೆರಿಗೆಯಾಗಿದೆ, ಹೆಣ್ಣು ಮಗು, ಬಾಣಂತಿಯೂ ಚೆನ್ನಾಗಿದ್ದಾಳೆ. ಆಮೇಲೆ ಅಂದರು: "ಕೂಸ್ಗೆ ಕರಿಬಳೆ ತಕೊಂಡ್ ಬಾ. ನೀನೇ ತೊಡುಸ್ಬೇಕಂತೆ, ನನ್ ಮಗ್ಳು ಅಟ ಇಡ್ದವ್ಳೆ." ಫೋನಿಟ್ಟು ಎಷ್ಟು ಹೊತ್ತು ಅತ್ತೆನೋ. ಫ್ಯಾಕ್ಟರಿಗೆ ಹೋಗುವುದಿಲ್ಲ ಎಂದು ನಿಮ್ಮ ಮಗನಿಗೆ ಹೇಳಿಬಿಟ್ಟೆ. ಅವರೂ ಸರಿ ಅಂದರು.

ಕೂಸುಗಳಿಗೆ ಯಾವಾಗಲೂ ನೀವೇ ತೊಡಿಸುತ್ತಿದ್ದಿರಿ, ನಾನು ನೋಡಿದ್ದಷ್ಟೇ. ನಾಳೆ ನನ್ನ ಬೆರಳು ನಡುಗಿದರೆ ಒಂದು ಗಳಿಗೆ ಹಿಡಿದುಕೊಳ್ಳುತ್ತೀರಾ?

ನಿಮ್ಮ ಸೊಸೆ