ಕೂತು ಮಾಡುವ ಡ್ರಿಲ್

ಶಾಲೆಗಳನ್ನು ತನಿಖೆ ಮಾಡುವ ಸಾಹೇಬರ ಸನ್ನಿಧಾನಕ್ಕೆ,

ಮಾನ್ಯರೇ, ನಮ್ಮೂರ ಸರ್ಕಾರಿ ಶಾಲೆಯ ಮಕ್ಕಳು ಎರಡು ವರ್ಷದಿಂದ ದಿನವೂ ಅರ್ಧ ಗಂಟೆ ಡ್ರಿಲ್ ಮಾಡುತ್ತಿದ್ದಾರೆಂದು ನಿಮ್ಮ ಕಚೇರಿಯ ಕಾಗದ ಹೇಳುತ್ತದೆ. ಅವರಲ್ಲಿ ಒಬ್ಬನೂ ಒಂದು ದಿನವೂ ಓಡಿಲ್ಲ. ಇದು ನಿಮಗೆ ಗೊತ್ತೇ ಇಲ್ಲವೆಂದು ನಂಬಲು ನನ್ನ ಮನಸ್ಸು ಒಪ್ಪುತ್ತಿಲ್ಲ. ಕಚೇರಿಗೆ ಕಳಿಸಿದ ಎರಡು ಅರ್ಜಿಗಳಿಗೂ ಉತ್ತರ ಬರಲಿಲ್ಲ. ಅವು ದಾರಿ ತಪ್ಪಿದವೋ, ಯಾರಾದರೂ ತಪ್ಪಿಸಿದರೋ, ತಿಳಿಯದು. ಪತ್ರಿಕೆಯಲ್ಲಿ ಅಚ್ಚಾದದ್ದು ಅಷ್ಟು ಸುಲಭವಾಗಿ ಕಳೆದುಹೋಗಲಾರದೆಂದು ಈ ದಾರಿ ಹಿಡಿದಿದ್ದೇನೆ.

ನಾನು ತಳಕು ಹೋಬಳಿಯ ಒಬ್ಬ ಕಂಬಳಿ ವ್ಯಾಪಾರಿ. ನನ್ನ ಮಗ ತಿಪ್ಪೇರುದ್ರನಿಗೆ ಹನ್ನೆರಡು ವರ್ಷ. ಹಿಂದಿನ ವರ್ಷ ಜ್ವರ ಬಂದು ತಿಂಗಳುಗಟ್ಟಲೆ ಮಲಗಿದ್ದ. ಚಳ್ಳಕೆರೆಯ ಡಾಕ್ಟರು ಅವನ ಎದೆ ತಟ್ಟಿ ನೋಡಿ, "ಇನ್ನು ಔಷಧಿ ಬೇಡ, ದಿನಾ ಓಡಿಸಿ. ಈ ವಯಸ್ಸಲ್ಲಿ ಎದೆ ಗಟ್ಟಿಯಾಗದಿದ್ರೆ ಮುಂದೆ ಆಗೋದಿಲ್ಲ" ಎಂದರು. ನನಗೆ ಸಮಾಧಾನವಾಯಿತು. ಶಾಲೆಯಲ್ಲಿ ಡ್ರಿಲ್ ಇದೆಯಲ್ಲ! ತಿಂಗಳಿಗೊಮ್ಮೆ ಮನೆಗೆ ಬರುವ ಚೀಟಿಯಲ್ಲಿ "ಡ್ರಿಲ್: ಅತ್ಯುತ್ತಮ" ಎಂದು ಬರೆದಿರುತ್ತಿತ್ತು. ಅದನ್ನು ಮನೆಯಾಕೆ ಅನ್ನಪೂರ್ಣಮ್ಮನಿಗೆ ಎರಡೆರಡು ಸಲ ಓದಿ ಹೇಳುತ್ತಿದ್ದೆ.

ತಿಂಗಳ ಹಿಂದೆ ಸಂತೆಗೆ ಹೋಗುವಾಗ ಗಾಳಿಗೆ ನನ್ನ ರುಮಾಲು ಹಾರಿತು. ಹಿಡಿದು ತಾ ಎಂದು ಮಗನಿಗೆ ಹೇಳಿದೆ. ಇಪ್ಪತ್ತು ಹೆಜ್ಜೆ ಓಡಿ ದಾರಿಯಲ್ಲೇ ಕುಸಿದು ಕೂತ. ತುಟಿ ನೀಲಿಯಾಗಿತ್ತು. ಉಸಿರು ಹಿಡಿತಕ್ಕೆ ಬಂದ ಮೇಲೆ ಕೇಳಿದೆ:

"ದಿನಾ ಡ್ರಿಲ್ ಮಾಡ್ತೀಯಲ್ಲಲೇ, ಇಷ್ಟಕ್ಕೇ ಹಿಂಗಾದ್ರೆ ಹೆಂಗೆ?"

"ನಾವು ಕೂತ್ಕಂಡು ಮಾಡ್ತೀವಪ್ಪ. ಮೇಷ್ಟ್ರು 'ಓಡು' ಅಂತಾರೆ, ನಾವೂ 'ಓಡು' ಅಂತೀವಿ. 'ನಿಲ್ಲು' ಅಂದ್ರೆ 'ನಿಲ್ಲು' ಅಂತೀವಿ. ನನಗೆ ಎಲ್ಲಾ ಬಾಯಿಪಾಠ ಬರ್ತೈತೆ."

ಮಗ್ಗಿಯ ಹಾಗೆ ಡ್ರಿಲ್ಲನ್ನೂ ಕಂಠಪಾಠ ಮಾಡಿಸಿದ್ದಾರೆ, ಸಾಹೇಬರೇ. ಮೇಷ್ಟ್ರು ಮೈಗಳ್ಳರೆಂದು ಅನುಮಾನಪಟ್ಟು ನೇರ ಶಾಲೆಗೆ ಹೋಗಿ ಜಗಳ ತೆಗೆದೆ. ಅವರು ನನ್ನನ್ನು ಪಕ್ಕದ ಬಯಲಿಗೆ ಕರೆದೊಯ್ದರು. ಈ ತುದಿಯಿಂದ ಆ ತುದಿಯವರೆಗೆ ಗೂಟ ನೆಟ್ಟು ಕಂಬಳಿಯ ಹಾಸು, ಅಂದರೆ ನೇಯುವ ಮುಂಚಿನ ಉದ್ದನೂಲು, ಎಳೆದಿತ್ತು. ನೂಲಿಗೆ ಹುಣಸೆಬೀಜದ ಗಂಜಿ ಸವರಿ ಒಣಗಲು ಬಿಟ್ಟಿದ್ದರು. ಎಳೆದ ಹಾಸನ್ನು ಯಾರೂ ದಾಟುವಂತಿಲ್ಲ, ದಾಟಿದರೆ ಮಗ್ಗಕ್ಕೆ ಕೇಡು ಎಂಬುದು ನಮ್ಮ ಕಡೆ ಹಸುಗೂಸಿಗೂ ಗೊತ್ತು.

"ಎಲ್ಲಿ ಓಡಿಸ್ಲಿ ನೀವೇ ಹೇಳ್ರಿ, ಯಜಮಾನ್ರೇ" ಎಂದರು ಮೇಷ್ಟ್ರು.

ಆ ಗೂಟಗಳು ನನ್ನವು. ಬಯಲು ಸುಮ್ಮನೆ ಬಿದ್ದಿದೆಯೆಂದು ಎರಡು ವರ್ಷದ ಹಿಂದೆ ನಾನೇ ನೆಡಿಸಿದ್ದೆ. ಮಕ್ಕಳು ಎಲ್ಲಿ ಓಡುತ್ತಾರೆಂಬ ಯೋಚನೆ ಒಂದು ದಿನವೂ ನನಗೆ ಬಂದಿರಲಿಲ್ಲ. ಆಗಲೇ ಯಾಕೆ ಹೇಳಲಿಲ್ಲವೆಂದು ಕೇಳಿದ್ದಕ್ಕೆ ಮೇಷ್ಟ್ರು ನೆಲ ನೋಡುತ್ತ, "ಶಾಲೆಗೆ ಮನೆ ಬಿಟ್ಟುಕೊಟ್ಟೋರು ನೀವು. ನಿಮಗೆ ಹೆಂಗೆ ಹೇಳಾದು?" ಎಂದರು. ನನಗೆ ನಾಚಿಕೆಯಾಯಿತು. ಅದನ್ನು ಮುಚ್ಚಿಡುವುದಿಲ್ಲ.

ಆದರೆ ತಮ್ಮನ್ನೂ ಒಂದು ಮಾತು ಕೇಳಬೇಕಾಗಿದೆ. ಎರಡು ಸಲ ತನಿಖೆಗೆ ಬಂದಾಗಲೂ ಇದೇ ಹಾಸಿನ ಬದಿಯಲ್ಲಿ ನಡೆದುಬಂದಿರಿ. ಎರಡನೆಯ ಸಲ ನೂಲು ಮುಟ್ಟಿ ನೋಡಿ ಮೆಚ್ಚಿದಿರಿ. ನಾನು ಹಿಗ್ಗಿ ಒಂದು ಕರಿಕಂಬಳಿ ಹೊದಿಸಿದೆ. ಅದನ್ನು ಹೊದ್ದೇ ಒಳಗೆ ಕೂತು, ಮಕ್ಕಳ ಬಾಯಿಂದ ಡ್ರಿಲ್ ಕೇಳಿ, "ಅತ್ಯುತ್ತಮ" ಎಂದು ಷರಾ ಬರೆದಿರಿ. ಮಕ್ಕಳು ಎದ್ದೇ ಇಲ್ಲವೆಂಬುದು ನಿಮ್ಮ ಕಣ್ಣಿಗೆ ಬೀಳಲಿಲ್ಲವೇ? ಅಥವಾ ಕಂಬಳಿ ಅಷ್ಟು ಬೆಚ್ಚಗಿತ್ತೇ? ಅದನ್ನು ಕೊಟ್ಟ ಕೈ ನನ್ನದಾದ್ದರಿಂದ ಈ ಅನುಮಾನ ನನ್ನನ್ನೇ ಹೆಚ್ಚು ಚುಚ್ಚುತ್ತದೆ.

ಮರುದಿನವೇ ಗೂಟಗಳನ್ನು ಕೀಳಿಸಿದೆ. ತಿಂಗಳಾಯಿತು, ಬಯಲು ಬರಿದಾಗಿದೆ. ಮಕ್ಕಳು ಮಾತ್ರ ಹೊರಗೆ ಬಂದಿಲ್ಲ. "ಈಗ ಓಡಿಸಿದ್ರೆ ಇಷ್ಟು ದಿನ ಓಡಿಸಿಲ್ಲ ಅಂತ ಆಗ್ತೈತೆ. ಸಾಹೇಬ್ರು ಅತ್ಯುತ್ತಮ ಅಂತ ಬರೆದವ್ರೆ. ಅವ್ರ ಹುಕುಂ ಇಲ್ದೆ ಬದಲಾಯಿಸಿದ್ರೆ ನನ್ನ ಕೆಲ್ಸ ಉಳಿತೈತೇನ್ರಿ?" ಎನ್ನುತ್ತಾರೆ ಮೇಷ್ಟ್ರು. ಮನೆಯ ಹಿತ್ತಲಲ್ಲಿ ಓಡಿಸೋಣವೆಂದರೆ ಮಗ, "ಶಾಲೇಲಿ ಯಾರೂ ಓಡಲ್ಲ, ನಾನೊಬ್ಬನೇ ಯಾಕೆ?" ಎಂದು ಮುಖ ತಿರುಗಿಸುತ್ತಾನೆ.

ಆದ್ದರಿಂದ, ಮುಂಚೆ ತಿಳಿಸದೆ ಒಂದು ದಿನ ಬನ್ನಿ. ನಿಮ್ಮ ಷರಾ ತಪ್ಪೆಂದು ನಿಮ್ಮ ಕೈಯಿಂದಲೇ ಹೊಡೆದುಹಾಕಿ, ಮಕ್ಕಳನ್ನು ಬಯಲಿಗೆ ಬಿಡಲು ಹುಕುಂ ಬರೆದುಕೊಡಿ. ಕಂಬಳಿಯನ್ನು ಹಿಂದಕ್ಕೆ ಕೇಳುವುದಿಲ್ಲ. ಈ ಕಾಗದ ಬರೆಯುವ ಮುಂಚೆ ಶಾಲೆಯ ಕಿಟಕಿಯ ಬಳಿ ನಿಂತಿದ್ದೆ. ಒಳಗೆ ಡ್ರಿಲ್ ನಡೆಯುತ್ತಿತ್ತು. ನನ್ನ ಮಗ ಚಾಪೆಯ ಮೇಲೆ ಕೂತು, ಎಲ್ಲರಿಗಿಂತ ಜೋರಾಗಿ, ನಡುನಡುವೆ ಏದುತ್ತ, "ಓಡು, ಓಡು" ಎನ್ನುತ್ತಿದ್ದ.

ಇಂತಿ,
ಗೂಟ ನೆಟ್ಟವನೂ ಕಿತ್ತವನೂ ಆದ
ಕಂಬಳಿ ಕಲ್ಲೇಶಪ್ಪ
ತಳಕು ಹೋಬಳಿ, ೧೯೧೨