ಮಿಲ್ಲಿನ ಹಲಗೆಯ ಮೇಲೆ ನನ್ನ ಹೆಸರು

ಸಿಂದಗಿ
೧೮ ಜನವರಿ ೨೦೨೬

ಚಿ. ಸೌ. ದಾನೇಶ್ವರಿಗೆ, ನಿನ್ನ ಸಿಟ್ಟನ್ನೂ ಸೇರಿಸಿ ಅವ್ವನ ಆಶೀರ್ವಾದ.

ನಿನ್ನೆ ನನ್ನ ಮಾತು ಮುಗಿಯುವ ಮೊದಲೇ ಫೋನು ಕಟ್ ಮಾಡಿದೆ. ಅದಕ್ಕೇ ಈ ಪತ್ರ. ಇದನ್ನು ನಡುವೆ ಕಟ್ ಮಾಡಲು ಬರುವುದಿಲ್ಲ. ನಿಮ್ಮವ್ವ ಬ್ಯಾಳಿ ಮಿಲ್ಲಿನ ಬಾಗಿಲಲ್ಲಿ ಮುಟ್ಟಿನ ರಜೆ ಎಂದು ಬರೆದಳೆಂಬ ಸುದ್ದಿ ತಾಳಿಕೋಟೆಯ ನಿಮ್ಮ ಮನೆವರೆಗೂ ಬಂತಂತೆ, ಅತ್ತೆಯ ಮುಂದೆ ನಿನ್ನ ಮಾನ ಹೋಯಿತಂತೆ. ಬರೆದದ್ದು ಖರೆ. ಯಾಕೆ ಬರೆದೆ ಅನ್ನುವುದನ್ನೂ ಕೇಳು.

ನಮ್ಮ ಜತೆ ತೊಗರಿ ಬೇಳೆ ಆರಿಸುವ ಗುಲನಾಜಳಿಗೆ ಇನ್ನೂ ಇಪ್ಪತ್ತು. ತಿಂಗಳಿಗೊಮ್ಮೆ ಹೊಟ್ಟೆ ಹಿಡಿದುಕೊಂಡು ಚೀಲದ ಮೇಲೆ ಒರಗಿಬಿಡುತ್ತಾಳೆ. ನಿಜ ಹೇಳಲು ನಾಚಿ, ಅಜ್ಜಿ ತೀರಿಕೊಂಡಳು ಎಂದು ರಜೆ ಚೀಟಿ ಬರೆಯುತ್ತಿದ್ದಳು. ಪಾಪ, ಆ ಮುದುಕಿ ಒಂದೇ ವರ್ಷದಲ್ಲಿ ಮೂರು ಸಲ ಸತ್ತಳು! ಇನ್ನೊಂದು ಸಲ ತಪ್ಪಿಸಿದರೆ ಕೆಲಸಕ್ಕೇ ಬರಬೇಡ ಎಂದು ಸುಪರ್‌ವೈಸರ್ ಶಂಕರೆಪ್ಪ ಹೇಳಿದ್ದ.

ಅಷ್ಟರಲ್ಲಿ ಸರ್ಕಾರದ ಹೊಸ ನಿಯಮ ಬಂತು. ತಿಂಗಳಿಗೆ ಒಂದು ದಿನ ಮುಟ್ಟಿನ ರಜೆ, ಪಗಾರ ಕಡಿತವಿಲ್ಲ, ಡಾಕ್ಟರ್ ಚೀಟಿಯೂ ಬೇಡ. ನಾವೆಲ್ಲ ಹಿಗ್ಗಿದೆವು. ಶಂಕರೆಪ್ಪ ಏನು ಮಾಡಿದ ಗೊತ್ತೇ? ಬಾಗಿಲಲ್ಲಿ ಲಾರಿ ನಂಬರು ಬರೆಯುವ ಕರಿ ಹಲಗೆ ತೋರಿಸಿ, "ರಜಾ ಬೇಕಾದವರು ಇದರ ಮ್ಯಾಲ ಹೆಸರು ಬರೀರಿ, ಕಾರಣಾನೂ ಬರೀರಿ" ಅಂದ. ಡ್ರೈವರುಗಳು, ಹಮಾಲರು, ಅಡತಿ ವ್ಯಾಪಾರಿಗಳು ಎಲ್ಲ ನಿಂತು ಓದುವ ಹಲಗೆ ಅದು. ನಾವು ನಾಚಿಕೊಂಡು ರಜೆಯನ್ನೇ ಕೇಳಬಾರದು ಎಂಬುದು ಅವನ ಲೆಕ್ಕ. ಒಂದು ತಿಂಗಳು ಒಬ್ಬಳೂ ಬರೆಯಲಿಲ್ಲ.

ಮೊನ್ನೆ ಸೋಮವಾರ ಗುಲನಾಜ ಸೀಮೆಸುಣ್ಣ ಹಿಡಿದು ಹಲಗೆಯ ಹತ್ತಿರ ಹೋದಳು. ಹಮಾಲನೊಬ್ಬ ನಕ್ಕ. ಹುಡುಗಿ ಅಳುತ್ತಾ ವಾಪಸು ಬಂದು ಮತ್ತೆ ಮೊರ ಹಿಡಿದಳು. ನನಗೆ ಮೈಯೆಲ್ಲ ಉರಿಯಿತು. ಎದ್ದು ಹೋಗಿ, ಲಾರಿ ನಂಬರುಗಳನ್ನೆಲ್ಲ ಸೆರಗಿನಿಂದ ಒರೆಸಿ, ದೊಡ್ಡ ಅಕ್ಷರದಲ್ಲಿ ಬರೆದೆ: ಸುವರ್ಣಾ ಚಂದ್ರಾಮ, ಮುಟ್ಟಿನ ರಜೆ.

"ಸುವರ್ಣಕ್ಕಾ, ಈ ವಯಸ್ಸಿನ್ಯಾಗ ನಾಚಿಕಿ ಬರೂದಿಲ್ಲೇನ್ರಿ ನಿಮಗ?" ಅಂದ ಶಂಕರೆಪ್ಪ.

"ನಿಮ್ಮವ್ವ ಮುಟ್ಟಾಗಲಾರದ ನಿನ್ನ ಹಡದಾಳೇನಪಾ?" ಅಂದೆ.

ನಕ್ಕಿದ್ದ ಹಮಾಲ ಚೀಲಗಳ ಹಿಂದೆ ಸರಿದ. ನನ್ನ ಪಕ್ಕ ಬೇಳೆ ಆರಿಸುವ ಕಾಶಿಬಾಯಿ ಎದ್ದು ನನ್ನ ಹೆಸರಿನ ಕೆಳಗೆ ತನ್ನದನ್ನು ಬರೆದಳು, ಆಮೇಲೆ ಶಮಶಾದಬಿ. ಕೊನೆಗೆ ಕಣ್ಣೊರೆಸಿಕೊಂಡು ಗುಲನಾಜ. ಹನ್ನೊಂದು ಹೆಸರಾದವು. ಲಾರಿ ನಂಬರು ಬರೆಯಲು ಜಾಗವೇ ಉಳಿಯಲಿಲ್ಲ. ಹನ್ನೊಂದು ಜನ ಒಮ್ಮೆಗೇ ಎದ್ದು ಹೋದರೆ ಬೇಳೆ ಆರಿಸುವವರೂ ಇಲ್ಲ. ಮಧ್ಯಾಹ್ನದೊಳಗೆ ಶಂಕರೆಪ್ಪ ತಾನೇ ಹಲಗೆ ಒರೆಸಿ, ಒಂದು ನೋಟುಬುಕ್ಕು ತಂದು ಕಾಶಿಬಾಯಿಯ ಕೈಗೆ ಕೊಟ್ಟ. ಇನ್ನು ಹೆಸರು ಬರೆಯುವುದು ಅದರಲ್ಲಿ, ಹೆಂಗಸರ ನಡುವೆಯೇ. ಉಳಿದವರು ತಮ್ಮ ತಮ್ಮ ದಿನಕ್ಕೆ ರಜೆ ತೆಗೆದುಕೊಳ್ಳುತ್ತಾರೆ. ಗುಲನಾಜ ಅವತ್ತೇ ಮನೆಗೆ ಹೋಗಿ ಮಲಗಿದಳು. ಮರುದಿನ ಕೆಲಸಕ್ಕೆ ಬಂದಳು, ಬೇಡವೆಂದು ಯಾರೂ ಅನ್ನಲಿಲ್ಲ.

ನಿಮ್ಮ ಅತ್ತೆಯವರಿಗೆ ಈ ಪತ್ರ ಓದಿ ಹೇಳು. ಹೋದ ಮಾನ ಹುಡುಕಿಕೊಡಲು ನಾನೇ ತಾಳಿಕೋಟೆಗೆ ಬರುತ್ತೇನೆ ಅಂತಲೂ ಹೇಳು. ಆದರೆ ಹಲಗೆಯ ಮೇಲೆ ಬರೆದದ್ದಕ್ಕೆ ತಪ್ಪಾಯಿತು ಅನ್ನುವವಳು ನಾನಲ್ಲ.

ನಿನ್ನ ಮೇಲೆ ಸಿಟ್ಟಿಲ್ಲದ
ಅವ್ವ, ಸುವರ್ಣಾ

ತಾ.ಕ.: ಇದನ್ನು ಮಾತ್ರ ಅತ್ತೆಗೆ ಓದಬೇಡ. ನನ್ನ ಮುಟ್ಟು ನಿಂತು ಎರಡು ವರ್ಷವಾಯಿತು. ಅವತ್ತು ನಾನು ರಜೆ ತೆಗೆದುಕೊಳ್ಳಲಿಲ್ಲ; ಗುಲನಾಜಳ ಜಾಗದಲ್ಲಿ ಕೂತು ಅವಳ ಪಾಲಿನ ಬೇಳೆಯನ್ನೂ ಆರಿಸಿದೆ. ನಿನಗೆ ನಾಚಿಕೊಳ್ಳಲೇಬೇಕಿದ್ದರೆ ನನ್ನ ಸುಳ್ಳಿಗೆ ನಾಚಿಕೊ, ಮುಟ್ಟಿಗೆ ಬೇಡ.